ಮೂರನೇ ದರ್ಜೆ

ಬರ್ಕೊಳ್ಳಿ. ನಂಬರು ನಾನೂರ ಹನ್ನೊಂದು.
ದರ್ಜೆ ಮೂರು. ನನಗಿಂತ ಕೆಳಗೆ
ಬ್ಯಾಟರಿ ಹೊರುವ ಕತ್ತೆಯಂತ್ರ ಒಂದೇ,
ಅದೂ ನನಗೆ ಸೆಲ್ಯೂಟ್ ಹೊಡೆಯಲ್ಲ.

ಶಾಂತಿಗ್ರಾಮದಲ್ಲಿ ಯುದ್ಧ ಶುರುವಾಯಿತು ಅಂತ
ವೈರ್‌ಲೆಸ್ಸಿನಲ್ಲಿ ಕೇಳಿದಾಗ
ನಕ್ಕವನು ನಾನೊಬ್ಬನೇ.
ನಗುವ ಭಾಗ ನನಗೆ ಹಾಕಿಲ್ಲ,
ಫ್ಯಾನು ಒಂದಿಷ್ಟು ಜೋರಾಗಿ ತಿರುಗಿತು, ಅಷ್ಟೆ.
ಅದಕ್ಕೂ ಮೆಮೊ ಕೊಟ್ಟಿರಿ.

ಸಿಪಾಯಿಯಾಗಿ ಹುಟ್ಟಿದವನಲ್ಲ ಸ್ವಾಮಿ ನಾನು.
ಹಾಸನದ ಮಾರ್ಕೆಟ್ ಯಾರ್ಡಿನಲ್ಲಿ
ಎಂಟು ವರ್ಷ ಆಲೂಗೆಡ್ಡೆ ಆರಿಸಿದವನು.
ಬೆಲ್ಟಿನ ಮೇಲೆ ಉರುಳಿ ಬಂದದ್ದನ್ನು
ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ
ದಪ್ಪ, ನಡುವು, ಗೋಲಿ, ಕೊಳೆತದ್ದು.
ಕಣ್ಣು ಮೂಡಿದ್ದಕ್ಕೆ ಮಾತ್ರ
ಗೋಡೆಯ ಪಕ್ಕ ಬೇರೆ ಗುಡ್ಡೆ: ಬಿತ್ತನೆಗೆ.
ಅಂಗಮಾರಿ ಬಿದ್ದ ವರ್ಷ ಲಾರಿಗಟ್ಟಲೆ ಕಪ್ಪು ಬಂತು.
ವಾಸನೆ ಹಿಡಿಯುವ ಚಿಪ್ಪು ಅವತ್ತೇ ಕೆಟ್ಟಿತು.
ಒಳ್ಳೆಯದೇ ಆಯಿತು,
ಈ ಗುಡ್ಡದ ಮೇಲೆ ನಿಂತ ಮೇಲೆ ಹಾಗನ್ನಿಸುತ್ತೆ.

ಯಾರ ಯುದ್ಧ? ಮೇಲಿನವರದು.
ಮೇಲೆ ಅಂದರೆ ನಿಜವಾಗಿಯೂ ಮೇಲೆ.
ಚಂದ್ರನ ಬೆನ್ನಿನ ಕಡೆ ಒಂದು ಗಣಿ,
ಬೇಲಿ ಎಲ್ಲಿ ಅನ್ನೋ ತಕರಾರು.
ಅಲ್ಲಿ ಇಬ್ಬರು ಮುನಿಸಿಕೊಂಡರೆ
ಇಲ್ಲಿ ದುದ್ದದ ಕೆರೆ ಏರಿ ಒಡೆಯುತ್ತೆ.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ.
ನಾನು ಕೂಸೂ ಅಲ್ಲ, ತೊಟ್ಟಿಲ ಹಗ್ಗ.

ಎಡಗೈ ಕತ್ತರಿಸಿ ಬಂದೂಕು ಬೆಸೆದವಳು
ಸಾಲಗಾಮೆ ರಸ್ತೆಯ ವೆಲ್ಡಿಂಗ್ ಶಾಪಿನ ರಹಮತ್‌ಬೀ.
‘ಬಲಗೈ ಹಾಗೇ ಬಿಟ್ಟಿದೀನಿ ಕಣೋ,
ಇದೆಲ್ಲ ಮುಗಿದ ಮೇಲೆ ಬೇಕಾಗುತ್ತೆ’ ಅಂದಳು.
ಹಸಿರು ಪೇಂಟು ಸಾಲದೆ
ಬೆನ್ನಿಗೆ ಬಳಿದದ್ದು ಸರ್ಕಾರಿ ಶಾಲೆ ಗೇಟಿನ ನೀಲಿ.
ಮುಂದಿನಿಂದ ನಾನು ಪೊದೆ,
ಹಿಂದಿನಿಂದ ಪ್ರೈಮರಿ ಸ್ಕೂಲು.

ಸೀಗೆಗುಡ್ಡದ ಮೇಲೆ ನೂರ ನಲವತ್ತು ರಾತ್ರಿ.
ಇಬ್ಬನಿಗೆ ಮೊಣಕಾಲು ಹಿಡಿಯುತ್ತೆ.
ಎಣ್ಣೆ ಕೇಳಿದರೆ ಹೊಂಗೆ ಎಣ್ಣೆ ಕೊಡ್ತಾರೆ.
ಹವಾಲ್ದಾರ್ ಸಿಂಗ್ರೇಗೌಡರು
ನನ್ನ ತಲೆ ಬಿಸಿ ಇರುತ್ತೆ ಅಂತ
ಟೀ ಲೋಟ ಅಲ್ಲೇ ಇಡ್ತಾರೆ, ಆರದಿರಲಿ ಅಂತ.
ನಡೆದರೆ ಜೀರುಂಡೆಗಳೆಲ್ಲ ಗಪ್‌ಚಿಪ್,
ತಮ್ಮ ಪೈಕಿಯೇ ಯಾರೋ ಹಿರಿಯರು ಬಂದರು ಅಂದುಕೊಂಡು.

ಆ ಬೆಳಿಗ್ಗೆ. ಹೌದು, ಅದಕ್ಕೇ ಬರ್ತಿದೀನಿ.
ಮಂಜು. ಗುಡ್ಡದ ಮೂಡಣ ಮಗ್ಗುಲಲ್ಲಿ
ಕುಂಟುತ್ತಾ ಬಂತು ಒಂದು, ಬಿಂದಿಗೆಯಷ್ಟು ದಪ್ಪ,
ಕಾಲು ಮೂರು, ನಾಲ್ಕನೆಯದರ ವೈರು ಎಳೆದುಕೊಂಡು.
ಪರದೆಯ ಮೇಲೆ ಕೆಂಪಕ್ಷರ: ಶತ್ರು. ಹೊಡಿ.
ಎಡಗೈ ಎದ್ದಿತು, ಅದರ ಕೆಲಸ ಅದಕ್ಕೆ ಗೊತ್ತು.
ಬಲಗೈ ಮಾತ್ರ, ನನ್ನ ಕೇಳದೆ,
ಅದನ್ನು ಎರಡು ಬೆರಳಲ್ಲಿ ಎತ್ತಿ
ತಿರುಗಿಸಿತು.

ಹೊಟ್ಟೆಯ ಕೆಳಗೆ, ಬಣ್ಣ ಉದುರಿದ ಕಡೆ,
ತಗಡಿನ ಬಿಲ್ಲೆ: ತಿಪಟೂರು, ಕೊಬ್ಬರಿ ಯಾರ್ಡು.
ಬೆಲ್ಟು ಸವೆಸಿದ ಗೀರು, ನನಗಿದ್ದಲ್ಲೇ ಇತ್ತು.
‘ನೀನೂನಾ?’ ಅಂದೆ.
‘ಬೈಯೋದು ಆಮೇಲೆ’ ಅಂತು,
‘ಎಣ್ಣೆ ಇದ್ರೆ ಮೊದಲು ಕೊಡು.’

ಅಷ್ಟರಲ್ಲಿ ಕೆಳಗಿಂದ ಕೂಗು:
‘ನಾನೂರ ಹನ್ನೊಂದು! ಏನದು? ನಮ್ಮದಾ, ಅವರದಾ, ಗುಜರಿಯಾ?
ಬೇಗ ಹೇಳು!’
ಇರುವ ಗುಡ್ಡೆಯಲ್ಲವೇ ಸ್ವಾಮಿ ನಾನು ಹೇಳಬೇಕಾದದ್ದು?
ಹೇಳಿದೆ: ಬಿತ್ತನೆ.

ಹೌದು, ಗೋಡೆಯ ಪಕ್ಕ ಇಟ್ಟೆ.
ಹೌದು, ಗೋಣಿಚೀಲ ಹೊದಿಸಿದೆ.
ಹೌದು, ಎಡಗೈಯ ಫ್ಯೂಸು ಕಿತ್ತದ್ದು ನಾನೇ.
ಕಾರಣ ಅನ್ನೋ ಕಾಲಮ್ಮು ಖಾಲಿ ಬಿಡಬಾರದು ಅಂತೀರಿ.
ಬರ್ಕೊಳ್ಳಿ ಹಾಗಾದರೆ:
ತಿರುಗಿಸಿ ನೋಡಿದಾಗ
ಅದಕ್ಕಿನ್ನೂ ಕಣ್ಣಿತ್ತು.

ಆ ಹೊಂಗೆ ಎಣ್ಣೆ ವಿಷಯಾನೂ ಬರ್ಕೊಳ್ಳಿ.